ಪರದೆ ಅಂಗಡಿಯ ರಾತ್ರಿ ಮೇಲ್

ಮಧ್ಯಾಹ್ನ ಎರಡು ಗಂಟೆಗೆ ಆ ಬೀದಿಯಲ್ಲಿ ಒಂದೇ ಒಂದು ಕಡೆ ಕತ್ತಲಾಗುತ್ತಿತ್ತು. ಅದು ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಬೆಳಕಿನ ಒಂದು ಎಳೆಯೂ ನುಸುಳದ ದಪ್ಪ ಪರದೆ, ಅಂಗಡಿಯ ಮೇಲು ಮಾಲು, ಆ ಕೋಣೆಯ ಕಿಟಕಿಗೂ ಬಾಗಿಲಿಗೂ ಇಳಿಬಿದ್ದಿತ್ತು. ಗಿರಾಕಿಗಳು ಕೇಳಿದರೆ, ನಮೂನೆಗೆಂದು ಕಟ್ಟಿದ್ದು ಎಂಬ ಉತ್ತರ ಸಿಗುತ್ತಿತ್ತು. ನಿಜ ಏನೆಂದರೆ, ಅದರ ಹಿಂದೆ ಯಜಮಾನರು ರೈಲು ಓಡಿಸುತ್ತಿದ್ದರು.

ಯಜಮಾನರು ಎಂದದ್ದು ಮರ್ಯಾದೆಗೆ. ಅಂಗಡಿ ಮಾವ ಕಟ್ಟಿದ್ದು, ಬೀಗದ ಕೈ ಇದ್ದದ್ದು ಹೆಂಡತಿಯ ಸೊಂಟದಲ್ಲಿ. ಈತನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಪಾದರಸ ಎಂದು. ನಿಂತಲ್ಲಿ ನಿಲ್ಲುವ, ಕೂತಲ್ಲಿ ಕೂರುವ ಆಸಾಮಿಯಲ್ಲ. ಮಾತಾಡುವಾಗ ಒಂದು ಕಾಲು ಕುಣಿಯುತ್ತಿದ್ದರೆ ಇನ್ನೊಂದು ಹೊರಡಲು ತಯಾರಾಗಿರುತ್ತಿತ್ತು.

ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅವನು ಕೈ ಹಾಕದ ಕಸುಬಿಲ್ಲ, ಕೈ ಬಿಡದ ಕಸುಬೂ ಇಲ್ಲ. ಬಣ್ಣದ ಮೀನು ಮಾರಿದ. ಅವನಿಗಿಂತ ಹೆಚ್ಚು ಹೊತ್ತು ಮೀನುಗಳೇ ಅಂಗಡಿಯಲ್ಲಿರುತ್ತಿದ್ದವು. ಫೋಟೊಗಳಿಗೆ ಚೌಕಟ್ಟು ಹಾಕಲು ಹೊರಟ. ಮೂರು ಬದಿ ಆಗುವಷ್ಟರಲ್ಲಿ ನಾಲ್ಕನೆಯದಕ್ಕೆ ಬೇಸರ ಬಂತು. ಆಮೇಲೆ ಛತ್ರಿ, ಬೀಗ, ಬಾಡಿಗೆ ಸೈಕಲ್ಲು. ಬೋರ್ಡಿನ ಬಣ್ಣ ಒಣಗುವ ಮೊದಲೇ ಮನಸ್ಸು ಮುಂದಿನ ಬೋರ್ಡಿಗೆ ಹಾರಿರುತ್ತಿತ್ತು. ವ್ಯಾಪಾರದಲ್ಲಿ ಸೋತವನನ್ನು ಬೀದಿ ಕ್ಷಮಿಸುತ್ತದೆ. ಸೋಲುವ ತನಕವೂ ಕಾಯದೆ ಎದ್ದು ಹೋದವನನ್ನು ಏನು ಮಾಡಬೇಕೆಂದು ಅದಕ್ಕೂ ಗೊತ್ತಿರಲಿಲ್ಲ.

ಕೊನೆಗೊಂದು ದಿನ ಎದೆ ಡವಡವ ಎನ್ನುತ್ತದೆಂದು ಡಾಕ್ಟರ ಹತ್ತಿರ ಹೋದ. ಅಲ್ಲೂ ನಿಂತುಕೊಂಡೇ ಮಾತಾಡಿದ.

"ನಿಮಗೆ ಬೇಕಾಗಿರೋದು ಮಾತ್ರೆ ಅಲ್ಲ ಕಣ್ರೀ. ದಿನಕ್ಕೆ ಎರಡು ಗಂಟೆ ಒಂದೇ ಕುರ್ಚಿ ಮೇಲೆ ಕೂರೋದು ಕಲೀರಿ," ಎಂದರು ಡಾಕ್ಟರು.

ಕೂತಲ್ಲೇ ಗಂಟೆಗೆ ನೂರು ಕಿಲೋಮೀಟರು ಹೋಗುವ ಕುರ್ಚಿ ಎಲ್ಲಾದರೂ ಸಿಗುತ್ತದೆಯೇ ಎಂದು ಪಾದರಸ ಹುಡುಕಿದ. ಕಂಪ್ಯೂಟರಿನಲ್ಲಿ ಸಿಕ್ಕಿತು.

ಅದು ರೈಲು ಓಡಿಸುವ ಆಟ. ಆಟ ಎಂದರೆ ಆಡುವವರಿಗೆ ಸಿಟ್ಟು ಬರುತ್ತದೆ. ಬೇರೆ ಬೇರೆ ಊರುಗಳಲ್ಲಿ ಕೂತ ಇಪ್ಪತ್ತು ಮೂವತ್ತು ಜನ ಒಂದೇ ಮಾರ್ಗದ ಮೇಲೆ, ಒಂದೇ ಹೊತ್ತಿನಲ್ಲಿ ತಮ್ಮ ತಮ್ಮ ರೈಲು ಬಿಡುತ್ತಿದ್ದರು. ರೈಲು ಬಿಡುವುದರಲ್ಲಿ ನಮ್ಮವರು ಮೊದಲಿಂದಲೂ ಗಟ್ಟಿಗರು ಎಂದು ಹೆಂಡತಿ ಅಕ್ಕಪಕ್ಕದವರಲ್ಲಿ ಹೇಳಿಕೊಂಡು ನಗುತ್ತಿದ್ದಳು. ಇವರಿಗೆಲ್ಲ ಸಿಗ್ನಲ್ ಕೊಡಲು ಒಬ್ಬ ಕಂಟ್ರೋಲರ್ ಇದ್ದ. ಹೊಟ್ಟೆಪಾಡಿಗೆ ಅವನು ಯಾವುದೋ ಆಸ್ಪತ್ರೆಯ ರಾತ್ರಿ ಕಾವಲುಗಾರ. ರಾತ್ರಿ ಅವನಿಗೆ ಪುರುಸೊತ್ತಿಲ್ಲದ ಕಾರಣ ಪಾದರಸ ಬಿಡುವ ರೈಲು, ರಾತ್ರಿ ಮೇಲ್, ಹೊರಡುತ್ತಿದ್ದದ್ದು ಮಧ್ಯಾಹ್ನ ಎರಡಕ್ಕೆ. ಕಂಪ್ಯೂಟರಿನೊಳಗೆ ಮಾತ್ರ ಗವ್ವೆನ್ನುವ ಕತ್ತಲು, ಇಂಜಿನ್ ದೀಪ ತೋರಿಸಿದಷ್ಟೇ ಹಳಿ, ದೂರದಲ್ಲಿ ಒಂದೊಂದು ಬಣ್ಣದ ಚುಕ್ಕೆ.

ಅಲ್ಲಿನ ಕಾನೂನು ಬಿಗಿ. ಮೇಲ್ ಗಾಡಿಯ ಡ್ರೈವರ್ ಎನ್ನಿಸಿಕೊಳ್ಳಬೇಕಾದರೆ ನಲವತ್ತು ಓಟಗಳನ್ನು ಒಂದೂ ತಪ್ಪಿಲ್ಲದೆ ಮುಗಿಸಬೇಕು. ತಪ್ಪಾದರೆ, ಇಲ್ಲವೇ ನಡುವೆ ಎದ್ದು ಹೋದರೆ, ಮತ್ತೆ ಒಂದರಿಂದ. ಇಂಜಿನಿನಲ್ಲಿ ಇಬ್ಬರಿರಬೇಕು. ಡ್ರೈವರ್ ಸಿಗ್ನಲಿನ ಬಣ್ಣ ನೋಡಿ ಕೂಗಬೇಕು, ಸಹಾಯಕನೂ ತನ್ನ ಕಣ್ಣಿಂದಲೇ ನೋಡಿ ಕೂಗಬೇಕು. ಒಬ್ಬ ತಪ್ಪು ಕೂಗಿದರೆ ಇನ್ನೊಬ್ಬ ತಿದ್ದಬೇಕು. ಗಾಡಿ ಸಿಗ್ನಲ್ ದಾಟುವ ಮೊದಲು ತಿದ್ದಿದರೆ ತಪ್ಪು ಮನ್ನಾ. ಎರಡೂ ದನಿ ಮೈಕಿನಲ್ಲಿ ಕಂಟ್ರೋಲರಿಗೆ ಕೇಳಿಸುತ್ತಿರಬೇಕು.

ಸಹಾಯಕನನ್ನು ಎಲ್ಲಿಂದ ತರುವುದು? ಅದೇ ಕೋಣೆಯ ಮೂಲೆಯಲ್ಲಿ ಅತ್ತೆ ಇದ್ದರು. ಗೋಡೆಯ ಕಡೆ ಮುಖ ಮಾಡಿ, ಪುಟ್ಟ ಮೇಜುದೀಪದ ಕೆಳಗೆ ಪರದೆಗಳ ಅಂಚು ಮಡಿಸಿ ಹೊಲಿಯುವುದು ಅವರ ಮಧ್ಯಾಹ್ನದ ಕೆಲಸ.

"ಅತ್ತೆ, ನಾನು ಏನು ಕೂಗ್ತೀನೋ ನೀವೂ ಅದನ್ನೇ ಕೂಗಿದ್ರೆ ಸಾಕು."

"ಅಷ್ಟೇನಾ? ನಿಮ್ಮ ಮಾವನ ಜೊತೆ ಮೂವತ್ತೈದು ವರ್ಷ ಅದನ್ನೇ ಮಾಡಿದೀನಿ ಬಿಡಿ ಅಳಿಯಂದ್ರೇ."

ಹಾಗೆ ಶುರುವಾಯಿತು. "ಹಸಿರು!" ಎಂದು ಅಳಿಯ ಗಂಟಲು ಹರಿಯುವಂತೆ ಕೂಗಿದರೆ, ತುಟಿಯ ನಡುವೆ ದಾರ ಕಚ್ಚಿಕೊಂಡೇ ಅತ್ತೆ "ಹಸಿರು" ಎನ್ನುತ್ತಿದ್ದರು. ಒಮ್ಮೆಯೂ ತಿರುಗಿ ನೋಡಿದ್ದಿಲ್ಲ. ಅಂಗಡಿ ಬೀದಿಯಲ್ಲಿ ಇದೇನು ಹೊಸ ವಿದ್ಯೆಯಲ್ಲ. ಬಣ್ಣ ಗಟ್ಟಿ ತಾನೇ ಎಂದು ಗಲ್ಲಾದಿಂದ ಕೇಳಿದರೆ, ಯಾವ ಬಟ್ಟೆ ಎಂದು ನೋಡದೆಯೇ ಗಟ್ಟಿ ಎನ್ನುವವರು ಪ್ರತಿ ಅಂಗಡಿಯ ಒಳಗೂ ಒಬ್ಬರಿರುತ್ತಾರೆ.

ಹೀಗೆ ಮೂವತ್ತೊಂಬತ್ತು ಓಟಗಳಾದವು. ಪಾದರಸ ತಾನೇ ಬೆರಗಾದ. ನಲವತ್ತನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಹೆಂಡತಿಗೆ ಹೇಳಿದ: "ಇವತ್ತು ಕೊನೇದು."

"ಅಂದ್ರೆ ನಾಳೆಯಿಂದ ಹೊಸ ಹುಚ್ಚು ಹುಡುಕ್ಬೇಕು."

"ಅದಲ್ಲ ಕಣೇ. ಹುಟ್ಟಿದ್ಮೇಲೆ ಒಂದನ್ನಾದ್ರೂ ಕೊನೇ ತನಕ ಮಾಡ್ದೆ ಅಂತ ನನಗೇ ಅನ್ನಿಸ್ಬೇಕು. ಅಷ್ಟೇ."

ಅವಳು ಏನೋ ಚುಚ್ಚಲು ಬಾಯಿ ತೆರೆದವಳು, ಯಾಕೋ ಅಳತೆ ಟೇಪನ್ನು ಸುತ್ತಿ ಇಡುವುದರಲ್ಲಿ ಮಗ್ನಳಾದಳು.

ಎರಡಕ್ಕೆ ಮೇಲ್ ಹೊರಟಿತು. ಮುಕ್ಕಾಲು ಗಂಟೆ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗಿತು. ಆಮೇಲೆ ಒಂದು ಜಂಕ್ಷನ್ನಿನ ಹೊರಗೆ, ಕತ್ತಲಲ್ಲಿ, ಕೆಂಪು.

"ಕೆಂಪು!"

"ಕೆಂಪು," ಎಂದರು ಅತ್ತೆ ಗೋಡೆಗೆ.

ಗಾಡಿ ನಿಂತಿತು. ಎರಡು ನಿಮಿಷ, ಐದು ನಿಮಿಷ. ಪಾದರಸನ ಕಾಲು ಕುಣಿಯತೊಡಗಿತು. ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ. ಹಳಿಯ ಪಕ್ಕದ ಕಂಬಗಳನ್ನು ಎಣಿಸಿದ. ದೀಪಕ್ಕೆ ಕಾಣುತ್ತಿದ್ದದ್ದು ನಾಲ್ಕೇ.

"ಕಂಟ್ರೋಲ್, ಮೇಲ್ ಇಲ್ಲೇ ನಿಂತಿದೆ."

"ಗೊತ್ತು. ಮುಂದೆ ಗೂಡ್ಸ್ ಒಂದು ಕೆಟ್ಟು ಕೂತಿದೆ. ಕಾಯಿರಿ."

"ಎಷ್ಟು ಹೊತ್ತು?"

"ಕೆಂಪು ಹೋಗೋ ತನಕ."

ಹನ್ನೆರಡನೆಯ ನಿಮಿಷಕ್ಕೆ ಬಾಗಿಲ ಪರದೆ ಸರಿದು ಹೆಂಡತಿಯ ತಲೆ ಒಳಗೆ ಬಂತು. "ರೀ, ಹಾಸ್ಟೆಲ್ ಮೇಡಂ ಬಂದಿದಾರೆ. ಇಪ್ಪತ್ತಾರು ಕಿಟಕಿಗೆ ಕತ್ತಲೆ ಪರದೆ ಬೇಕಂತೆ. ಅದ್ರ ಬಗ್ಗೆ ನೀವು ಹೇಳಿದ್ರೇನೇ ಚೆಂದ. ಬನ್ನಿ."

"ಈಗ ಆಗಲ್ಲ."

"ನಿಂತಿದೆಯಲ್ಲ ನಿಮ್ಮ ರೈಲು!"

"ನಿಂತಿರೋದೇ ಕಷ್ಟ ಮಾರಾಯ್ತಿ. ಓಡ್ತಾ ಇದ್ರೆ ಯಾರು ಬೇಕಾದ್ರೂ ಕೂತಿರ್ತಾರೆ."

ಅತ್ತೆ ಸೂಜಿ ಚುಚ್ಚಿಟ್ಟು ಎದ್ದರು. "ನಾನು ಹೋಗ್ತೀನಿ ತಡಿಯೇ. ಹೊಲಿದಿರೋಳಿಗೆ ಗೊತ್ತಿಲ್ವಾ ಅದರ ಗುಣ? ನೀನಿಲ್ಲಿ ಕೂತ್ಕೋ. ಅವ್ರು ಏನು ಕೂಗ್ತಾರೋ ಅದನ್ನೇ ಕೂಗು."

"ನಾನಾ?"

"ಕಷ್ಟ ಏನಿಲ್ಲ. ನೋಡೋದೂ ಬೇಡ."

ಹೆಂಡತಿ ಕೂತಳು. ಗೋಡೆ ನೋಡುತ್ತ ಕೂರುವ ಜಾಯಮಾನ ಅವಳದಲ್ಲ. ಸ್ಟೂಲನ್ನು ಎಳೆದು ಗಂಡನ ಪಕ್ಕಕ್ಕೆ ತಂದಳು. ಇಬ್ಬರೂ ಏನೂ ಮಾಡದೆ ಒಂದೇ ಕಡೆ ಸುಮ್ಮನೆ ಕೂತು ಎಷ್ಟು ವರ್ಷವಾಗಿತ್ತೋ. ಮುಂದೆ ಕೆಂಪು ಚುಕ್ಕೆ, ಆಚೆ ಅತ್ತೆ ಕತ್ತಲೆಯ ಗುಣಗಾನ ಮಾಡುತ್ತಿದ್ದ ದನಿ. ಹದಿನೈದು ನಿಮಿಷ, ಹದಿನೆಂಟು. ಅವನ ಬೆನ್ನಿಗೆ ಇರುವೆ ಹತ್ತಿದಂತಾಗುತ್ತಿತ್ತು.

"ಕಾಲು ನಿಲ್ಸಿ. ಮೇಜೆಲ್ಲ ನಡುಗ್ತಿದೆ."

ಇಪ್ಪತ್ತೆರಡನೆಯ ನಿಮಿಷಕ್ಕೆ ಚುಕ್ಕೆ ಮಿಣುಕಿ ಬದಲಾಯಿತು. ಅವನ ಕೈ ಆಗಲೇ ವೇಗದ ಹಿಡಿಕೆಯ ಮೇಲಿತ್ತು.

"ಹಸಿರು!"

ಹೆಂಡತಿ ಮುಂದೆ ಬಾಗಿ ನೋಡಿದಳು. ಗಾಡಿ ಜಗ್ಗಿಕೊಂಡು ಹೊರಟಿತು.

"ಯಾವ ಹಸಿರು? ಹಳದಿ ಅದು," ಎಂದಳು ಹೆಂಡತಿ.

ಅವನು ಅಂಗೈಯಿಂದ ಮೈಕು ಮುಚ್ಚಿದ. "ಸುಮ್ನೆ ಹಸಿರು ಅನ್ನೇ!"

"ಯಾಕೆ ಅನ್ಲಿ? ಇಷ್ಟು ವರ್ಷ ಬಟ್ಟೆ ಮಾರಿದೀನಿ, ನನಗೆ ಬಣ್ಣ ಹೇಳ್ಕೊಡ್ತೀರಾ? ಕಣ್ಣು ಬಿಟ್ಟು ನೋಡ್ರೀ. ಹಳದಿ! ಹಳದಿ!"

ಅಂಗೈ ದಪ್ಪವಿರಬಹುದು, ಆ ದನಿಯನ್ನು ತಡೆಯುವಷ್ಟಲ್ಲ. ಅವನು ನೋಡಿದ. ಅಷ್ಟು ಹೊತ್ತು ಕಾದ ಕಣ್ಣು ತನಗೆ ಬೇಕಾದ್ದನ್ನು ಕಂಡಿತ್ತು. ಅಲ್ಲಿದ್ದದ್ದು ಹಳದಿಯೇ: ನಿಧಾನ ಬಾ, ಮುಂದಿನದು ಕೆಂಪಿರಬಹುದು. ಹಸಿರೆಂದು ಬಿಟ್ಟಿದ್ದರೆ ಕೆಟ್ಟು ನಿಂತ ಗೂಡ್ಸಿನ ಬಾಲಕ್ಕೇ ಹೋಗಿ ಗುದ್ದುತ್ತಿದ್ದ. ಹಿಡಿಕೆ ಹಿಂದೆಳೆದ.

"ಹಳದಿ," ಎಂದ. ಗಾಡಿ ತೆವಳುತ್ತ ದೀಪ ದಾಟಿತು.

ಮೈಕಿನಲ್ಲಿ ಕಂಟ್ರೋಲರ್ ಕೆಮ್ಮಿದ. "ಮೇಲ್, ಸಹಾಯಕರು ಬದಲಾದ್ರಾ?"

"ನಮ್ಮ ಮನೆಯವ್ರು."

"ಒಳ್ಳೇದು. ದಾಟೋ ಮುಂಚೆ ತಿದ್ದಿದಾರೆ, ಈ ಓಟಕ್ಕೆ ತಪ್ಪಿಲ್ಲ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೂವತ್ತೊಂಬತ್ತು ಓಟದಲ್ಲಿ ನಿಮ್ಮ ಹಳೇ ಸಹಾಯಕರು ಒಂದು ಸಲನೂ ನಿಮಗಿಂತ ಮೊದಲು ಕೂಗ್ಲಿಲ್ಲ, ಒಂದು ಸಲನೂ ಎದುರಾಡ್ಲಿಲ್ಲ. ಅವ್ರು ಸಿಗ್ನಲ್ ನೋಡ್ತಿದ್ರಾ?"

ಒಂದು ಸೊಗಸಾದ ಸುಳ್ಳು ಪಾದರಸನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಈ ಓಟಕ್ಕೆ ನಲವತ್ತು ತುಂಬುತ್ತಿತ್ತು. ಆದರೆ ಮುಗಿಸಿದೆ ಎಂದು ಅನ್ನಿಸಬೇಕಾಗಿದ್ದದ್ದು ಕಂಟ್ರೋಲರಿಗಲ್ಲ.

"ಇಲ್ಲ. ಗೋಡೆ ನೋಡ್ತಿದ್ರು."

"ಹಾಗಾದ್ರೆ ಅವು ಲೆಕ್ಕಕ್ಕಿಲ್ಲ ಸ್ವಾಮಿ. ಇವತ್ತಿಂದು ಮುಗಿಸಿದ್ರೆ, ಒಂದು."

ಕೊನೆಯ ನಿಲ್ದಾಣಕ್ಕೆ ಇನ್ನೂ ನಲವತ್ತು ನಿಮಿಷದ ದಾರಿ. ಪಾದರಸ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಕಾಲುಗಳು ನೆಲ ಊರಿದವು. ಆ ಕಿರ್ರೆಂಬ ಸದ್ದು ಹೆಂಡತಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಪ್ರತಿ ಕಸುಬೂ ಅದೇ ಸದ್ದಿನಲ್ಲಿ ಮುಗಿದಿತ್ತು.

"ಎದ್ರಾ?" ಎಂದಳು. "ಒಳಗೆ ಜನ ಇದಾರಾ ಈ ಗಾಡಿಯಲ್ಲಿ?"

"ಆಟ ಕಣೇ. ಯಾರೂ ಇಲ್ಲ."

"ಮತ್ತೆ ಯಾಕೆ ಹೀಗೆ ಬೆವರ್ತಿದೀರಿ?"

ಅರ್ಧ ಎದ್ದವನು ಹಾಗೇ ಒಂದು ಕ್ಷಣ ನಿಂತ. ಹೊರಗೆ ಮೇಡಂ ಏನಕ್ಕೋ ನಗುತ್ತಿದ್ದರು. ಎದೆ ಡವಡವ ಎನ್ನುತ್ತಿತ್ತು, ಕಾಲು ಬೀದಿಗೆ ಎಳೆಯುತ್ತಿತ್ತು. ಅವನು ಕೂತ. ಕುರ್ಚಿಯನ್ನು ಹೊಟ್ಟೆ ಮೇಜಿಗೆ ತಗಲುವಷ್ಟು ಮುಂದಕ್ಕೆ ಎಳೆದುಕೊಂಡ.

ಅಷ್ಟರಲ್ಲಿ ಗೂಡ್ಸನ್ನು ಪಕ್ಕದ ಹಳಿಗೆ ಎಳೆದಿದ್ದರು. ಅದರ ಕರಿ ಡಬ್ಬಿಗಳು ಒಂದೊಂದಾಗಿ ಹಿಂದೆ ಸರಿದವು. ತಿರುವಿನಾಚೆ ಹೊಸ ಚುಕ್ಕೆಯೊಂದು ಮೂಡಿತು.

"ಹಸಿರು!" ಈ ಸಲ ಹೆಂಡತಿಯೇ ಮೊದಲು ಕೂಗಿದಳು.

ಅವನು ಕನ್ನಡಕ ಸರಿಪಡಿಸಿಕೊಂಡ.

"ರೀ, ಹಸಿರು ಅಂದೆ. ಕಿವಿ ಕೇಳ್ಸಲ್ವಾ?"

"ತಡಿಯೇ," ಎಂದ ಪಾದರಸ, ಕಣ್ಣು ಕಿರಿದು ಮಾಡಿ. "ನಾನೂ ನೋಡ್ತೀನಿ."