ಎಡಕ್ಕೆ ಬಿದ್ದ ಹೂವು

ನನ್ನ ಹೆಂಡತಿಗೆ ನಂಬಿಕೆ ಎಂಬ ಮಾತು ಕಂಡರಾಗುತ್ತಿರಲಿಲ್ಲ. ಗುಡಿಗೆ ಬಂದವರು ಯಾರಾದರೂ "ನಿಮ್ಗೆ ದೇವ್ರ್ ಮೇಲೆ ಎಷ್ಟ್ ನಂಬ್ಕಿ ಮಾರಾಯ್ರೆ" ಎಂದರೆ, ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿ ಅವರ ಮುಖ ನೋಡುತ್ತಿದ್ದಳು. "ನಂಬ್ಕಿ ಎಂತಕೆ? ಗಂಜಿ ಬೆಂದದ್ದ್ ನೀವ್ ನಂಬ್ತ್ರ್ಯಾ? ಒಂದ್ ಅಗ್ಳ್ ಹಿಸ್ಕಿ ಕಾಂಬುದ್. ಬೆಂದಿದ್ರೆ ಬೆಂದಿತ್ತ್. ದೇವ್ರ್ ಇದ್ದದ್ದ್ ನಂಗೆ ಗೊತ್ತಿತ್ತ್, ಅಷ್ಟೇ."

ಅವಳು ಹಿಸುಕಿ ನೋಡುತ್ತಿದ್ದ ಅಗುಳೆಂದರೆ ನಮ್ಮ ಗುಡಿಯ ಹೂವಿನ ಪ್ರಸಾದ. ಆ ಅಗುಳನ್ನು ಬೇಯಿಸುತ್ತಿದ್ದವ ನಾನು. ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಹೇಳದೆ ಇದ್ದು ಏನು ಉಳಿಸಿಕೊಂಡೆ? ಅದಕ್ಕೇ ಬರೆಯುತ್ತಿದ್ದೇನೆ.

ಬಿಜೂರಿನ ಕಡೆ ಗದ್ದೆಬಯಲಿನ ಅಂಚಿನಲ್ಲಿ ಅಮ್ಮನವರ ಒಂದು ಸಣ್ಣ ಗುಡಿ. ನಮ್ಮ ಮನೆಯವರೇ ಅದರ ಅರ್ಚಕರು. ಅಪ್ಪಯ್ಯನಿಗೆ ಕಣ್ಣು ಮಂಜಾಗಿ, ಮಂಗಳಾರತಿ ಮಾಡಲು ಹೋಗಿ ಪಂಚೆ ಸುಟ್ಟುಕೊಂಡ ವರ್ಷ, ಅಂದರೆ ೧೯೯೭ರಲ್ಲಿ, ಪೂಜೆ ನನ್ನ ಹೆಗಲಿಗೆ ಬಂತು. ಪೂಜೆ ಮಾಡಿಸಲು ಬರುವವರಿಗಿಂತ ಪ್ರಸಾದ ಕೇಳಲು ಬರುವವರೇ ಹೆಚ್ಚು. ಬಾವಿ ತೋಡಬಹುದೇ, ದೋಣಿ ಮಾರಬಹುದೇ, ಈ ಗಂಡಿಗೆ ಹೆಣ್ಣು ಕೊಡಬಹುದೇ? ಬೆಳಗಿನ ಅಭಿಷೇಕ ಮುಗಿದ ಮೇಲೆ ಆರು ಕೆಂಪು ಕೇಪಳದ ಹೂವನ್ನು ತೀರ್ಥದಲ್ಲಿ ಅದ್ದಿ, ಅಮ್ಮನ ಬಲಭುಜಕ್ಕೆ ಮೂರು, ಎಡಭುಜಕ್ಕೆ ಮೂರು ಅಂಟಿಸಿ ಹಿಂದೆ ಸರಿದು ನಿಲ್ಲಬೇಕು. ಮೊದಲು ಬಲದ್ದು ಬಿದ್ದರೆ ಅಪ್ಪಣೆಯಾಯಿತು. ಎಡದ್ದು ಬಿದ್ದರೆ ಬೇಡ. ಒಂದು ಪ್ರಶ್ನೆ ಒಂದೇ ಸಲ. "ಕೇಂಡದ್ದನ್ನೇ ಮತ್ತೆ ಕೇಂಬುಕೆ ಅಮ್ಮ ಎಂತ ಕೆಪ್ಪಿಯಾ?" ಎಂದು ಅಪ್ಪಯ್ಯ ಗದರುತ್ತಿದ್ದರು.

ದಿನಾ ಹೂ ಅಂಟಿಸುವವನಿಗೆ ಹೂವಿನ ಗುಟ್ಟು ತಿಳಿಯದೇ ಇರುತ್ತದೆಯೇ? ಹೂವಿನ ಬೆನ್ನಿಗೆ ನೀರು ತೆಳ್ಳಗಿದ್ದು ಚೆನ್ನಾಗಿ ಒತ್ತಿದರೆ ಗಂಟೆಗಟ್ಟಲೆ ಹಿಡಿದು ನಿಲ್ಲುತ್ತದೆ. ಹನಿ ತೊಟ್ಟಿಕ್ಕುವ ಹಾಗೆ ಇಟ್ಟರೆ ಎರಡು ನಿಮಿಷಕ್ಕೆ ಜಾರುತ್ತದೆ. ಇದೇನು ಮಹಾ ವಿದ್ಯೆಯಲ್ಲ. ಆದರೆ ಒಮ್ಮೆ ಗೊತ್ತಾದದ್ದನ್ನು ಗೊತ್ತಿಲ್ಲ ಎಂದು ಮಾಡಿಕೊಳ್ಳುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ.

ಮೊದಲ ಸಲ ಮಾಡಿದ್ದು ಉಪ್ಪುಂದದ ಒಂದು ಹುಡುಗಿಗಾಗಿ. ಮೀನುಗಾರರ ಮನೆಯವರು. ಅಪ್ಪ, ದೊಡ್ಡಪ್ಪ ಎಲ್ಲ ಸೇರಿ ಒಂದು ಸಂಬಂಧ ಗೊತ್ತು ಮಾಡಿಕೊಂಡೇ ಬಂದಿದ್ದರು. ಅಮ್ಮನ ಒಪ್ಪಿಗೆ ಒಂದು ಬಾಕಿ. ಹುಡುಗಿ ಕಂಬದ ಹಿಂದೆ ನಿಂತಿತ್ತು. ಅತ್ತು ಅತ್ತು ಕಣ್ಣು ಬಾತುಹೋಗಿತ್ತು. ನಾನು ಯೋಚನೆ ಮಾಡಿದೆ ಎಂದರೆ ಸುಳ್ಳಾದೀತು, ಕೈ ತಾನಾಗಿ ಎಡಕ್ಕೆ ನೀರು ಹೆಚ್ಚು ಮಾಡಿತು. ಎಡ ಬಿತ್ತು, ಸಂಬಂಧ ತಪ್ಪಿತು. ಮೂರು ವರ್ಷದ ಮೇಲೆ ಅದೇ ಹುಡುಗಿ ತನಗೆ ಬೇಕಾದವನ ಜೊತೆ, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು ಅಡ್ಡಬಿದ್ದು ಹೋಯಿತು. ನನಗೆ ಎಷ್ಟು ಕೊಬ್ಬು ಬಂತೆಂದರೆ, ಅಮ್ಮನಿಗಿಂತ ನಾನೇ ವಾಸಿ ಅನ್ನಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ, ನನ್ನದು ಅದರ ಉಲ್ಟಾ. ದೇವರು ಕೊಟ್ಟಳೋ ಬಿಟ್ಟಳೋ, ಪೂಜಾರಿ ಕೊಟ್ಟೇ ಬಿಡುತ್ತಿದ್ದ.

ಎಲ್ಲಾ ಸಲ ಮಾಡಲಿಲ್ಲ. ಕೇಳಲು ಬಂದವರ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿದರೆ ಮಾತ್ರ. ಆದರೆ ಗುಡಿಗೆ ಹೆಸರು ಬಂದದ್ದು ಅಂಥ ಹೂಗಳಿಂದಲೇ. ಬ್ರಹ್ಮಾವರದಿಂದ, ಕುಂದಾಪುರದಿಂದ ಜನ ಬಸ್ಸು ಹಿಡಿದು ಬರತೊಡಗಿದರು. ನನ್ನ ಹೆಂಡತಿ ಗರ್ಭಗುಡಿಯ ಎದುರಿನ ಮಂಟಪದಲ್ಲಿ ಕೂತು ಹೂ ಕಟ್ಟುತ್ತ ಒಂದೊಂದನ್ನೂ ನೋಡುತ್ತಿದ್ದಳು. ಯಾರಿಗೆ ಯಾವ ಕಡೆ ಬಿತ್ತು, ಆಮೇಲೆ ಏನಾಯಿತು, ಎಲ್ಲ ಅವಳ ಬಾಯಲ್ಲಿತ್ತು. ಅವಳಿಗೆ ಹೇಳಿಬಿಡಬೇಕಿತ್ತು. ಮೊದಮೊದಲು ನಾಚಿಕೆಯಾಗಿ ಹೇಳಲಿಲ್ಲ, ಆಮೇಲೆ ಅಭ್ಯಾಸವಾಗಿ ಹೇಳಲಿಲ್ಲ.

೨೦೦೬ರ ಮಳೆಗಾಲ ಕಳೆದ ಮೇಲೆ ಅವಳ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಬ್ರಹ್ಮಾವರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವಳ ತಮ್ಮ ಕಾರು ತಂದು ನಮ್ಮಿಬ್ಬರನ್ನೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಸೂಜಿ ಹಾಕಿ ಪರೀಕ್ಷೆ ಮಾಡಿದರು. ಡಾಕ್ಟರು ಒಳ್ಳೆಯ ಮನುಷ್ಯರು, ಅಡ್ಡಗೋಡೆ ಮೇಲೆ ದೀಪ ಇಡಲಿಲ್ಲ. "ಕ್ಯಾನ್ಸರ್ ಹೌದು. ಆದ್ರೆ ಬೇಗ ಬಂದಿದ್ದೀರಿ. ಈಗಲೇ ಆಪರೇಷನ್ ಮಾಡಿದ್ರೆ ಉಳೀತಾರೆ, ತಡ ಮಾಡಿದ್ರೆ ನನ್ನ ಕೈಯಲ್ಲಿಲ್ಲ" ಎಂದರು.  ಅವಳು ಮನೆಗೆ ಬಂದು ಕಾಲು ತೊಳೆಯುತ್ತ ಹೇಳಿದಳು, "ಪ್ರಸಾದ ಕೇಂಬ. ಬಲ ಬಿದ್ರೆ ನಾಳೆಯೇ ಹೋಪ."

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಷ್ಟೇ ತಾನೇ! ಯಾರ್ಯಾರಿಗೋ ಬೀಳಿಸಿದ್ದೇನೆ, ನನ್ನ ಹೆಂಡತಿಗೆ ಬೀಳಿಸಲಾರೆನೇ?

ಮರುದಿನ ಬೆಳಿಗ್ಗೆ ಅವಳು ಗರ್ಭಗುಡಿಯ ಬಾಗಿಲಿಗೆ ನೇರ ಕೈಮುಗಿದು ಕೂತಳು. ನಾನು ಬಲದ ಮೂರು ಹೂವನ್ನು ನೀರು ಸೋರುವ ಹಾಗೆ ಹಗುರಕ್ಕೆ ಇಟ್ಟೆ. ಎಡದ ಮೂರನ್ನು ಕೊಡವಿ, ಒತ್ತಿ ಅಂಟಿಸಿದೆ. ಹಿಂದೆ ಸರಿದೆ. ಮಂತ್ರ ಬಾಯಲ್ಲಿತ್ತು, ಕಣ್ಣು ಬಲಭುಜದ ಮೇಲಿತ್ತು. ಈಗ ಜಾರುತ್ತದೆ, ಈಗ ಜಾರುತ್ತದೆ ಎನ್ನುವಾಗ ಎಡದ ಒಂದು ಹೂ ಅಲುಗಿ ಬಿತ್ತು. ಅದರ ಹಿಂದೆ ಇನ್ನೊಂದು. ಮೂರನೆಯದೂ ಬಿತ್ತು. ಬಲದವು ಮೂರೂ ಹಾಗೇ ನಿಂತಿದ್ದವು.

"ಅಮ್ಮ ಬ್ಯಾಡ ಅಂದ್ರ್" ಎಂದಳು ನನ್ನ ಹೆಂಡತಿ. ಎಷ್ಟು ಸಾಮಾನ್ಯವಾದ ದನಿ! ಪಕ್ಕದ ಮನೆಯವರು ಇವತ್ತು ಮಜ್ಜಿಗೆ ಇಲ್ಲ ಅಂದರಂತೆ ಎನ್ನುವ ಹಾಗೆ.

ನಾನು ಪೂಜೆಯನ್ನು ಅರ್ಧಕ್ಕೆ ಬಿಟ್ಟು ಅವಳ ಹಿಂದೆಯೇ ಮನೆಗೆ ಓಡಿದೆ. ಅವಳು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯಲು ಕೂತಿದ್ದಳು. ಎದುರಿಗೆ ಕುಕ್ಕರಿಸಿ ಎಲ್ಲವನ್ನೂ ಕಾರಿಕೊಂಡೆ.

"ಕೇಣ್ ಇಲ್ಲಿ. ಆ ಹೂಗ್ ಬೀಳ್ಸುದ್ ಅಮ್ಮ ಅಲ್ಲ, ನಾನ್. ಉಪ್ಪುಂದದ ಆ ಹೆಣ್ಣಿಂದೂ ನಾನೇ ಬೀಳ್ಸಿದ್ದ್. ಇಷ್ಟ್ ವರ್ಷ ಎಷ್ಟೋ ಜನ್ರಿಗ್ ಹಂಗೇ ಮಾಡಿದ್ದೆ. ನೀರಿಂದ್ ಆಟ ಅದ್. ಅದನ್ನ್ ನಂಬ್ಕಂಡ್ ಸಾಯ್ಬ್ಯಾಡ."

ತುರಿಯುವ ಕೈ ನಿಂತಿತು. ಅವಳ ಮುಖ ಬೂದಿಯಂತಾಯಿತು. ಆಯಿತು, ನಂಬಿಕೆ ಮುರಿಯಿತು, ಇನ್ನು ಆಸ್ಪತ್ರೆಗೆ ಹೊರಡುತ್ತಾಳೆ ಎಂದುಕೊಂಡೆ. ನನ್ನ ಮರ್ಯಾದೆ ಹೋದರೆ ಹೋಗಲಿ, ಅವಳ ಜೀವ ಉಳಿದರೆ ಸಾಕಿತ್ತು. ಅವಳು ಕೇಳಿದಳು.

"ಇವತ್ತ್ ಎಂತ ಮಾಡಿದ್ರಿ?"

"ಬಲಕ್ಕೆ ಸಡ್ಲ ಇಟ್ಟಿದ್ದೆ. ಬಲ ಬೀಳ್ಲಿ ಅಂದೇಳಿ."

"ಎಡಕ್ಕೆ?"

"ಗಟ್ಟಿ ಒತ್ತಿದ್ದೆ."

ಅವಳ ಮುಖಕ್ಕೆ ಬಣ್ಣ ವಾಪಸು ಬಂದದ್ದನ್ನು ನಾನು ಕಣ್ಣಾರೆ ಕಂಡೆ. "ಹಂಗಾರೆ ಎಡದ್ದ್ ಬೀಳ್ಸಿದ್ದ್ ಯಾರ್?" ಎಂದಳು.

 ದೀಪ ಎಡಗಡೆ ಇತ್ತು, ಅದರ ಕಾವಿಗೆ ನೀರು ಆರಿ ಬಿದ್ದಿರಬಹುದು ಎಂದೆ. "ದೀಪ ದಿನಾ ಇರತ್ತಲೆ. ಇವತ್ತೇ ಎಂತಕೆ ಬಿತ್ತ್?" ಎಂದಳು. ಗೊತ್ತಿಲ್ಲ ಎಂದೆ. "ನಂಗೆ ಗೊತ್ತಿತ್ತ್. ಇಷ್ಟ್ ವರ್ಷ ನೀವ್ ಅಮ್ಮನ ಬಾಯಿಗ್ ಕೈ ಅಡ್ಡ ಹಿಡ್ದಿದ್ರಿ. ಇವತ್ತ್ ಆ ಕೈ ಸರ್ಸಿ ಮಾತಾಡ್ರ್, ಕಾಣಿ. ನೀವ್ ಮಾಡಿದ್ ಪಾಪ ನಿಮ್ದ್. ಅದನ್ನ್ ನೀವ್ ಅವ್ರ ಹತ್ರವೇ ಹೇಳ್ಕಣಿ." ಮತ್ತೆ ಕಾಯಿ ತುರಿಯತೊಡಗಿದಳು.

ಅವಳ ದೇವರನ್ನು ಸುಳ್ಳು ಮಾಡಲು ಹೋಗಿ ನಾನೇ ಸಾಕ್ಷಿ ಹೇಳಿ ಬಂದಿದ್ದೆ. ಉಳಿದ ಹೂಗಳೆಲ್ಲ ಸುಳ್ಳಾಗಿರಬಹುದು, ಈ ಒಂದು ಮಾತ್ರ ಕಳ್ಳನ ಕೈ ಮೀರಿ ಬಿದ್ದದ್ದು. ಇದಕ್ಕಿಂತ ಗಟ್ಟಿ ಪುರಾವೆ ಯಾವ ಕೋರ್ಟಿನಲ್ಲಿ ಸಿಗುತ್ತದೆ?

ಸಂಜೆ ಅವಳ ತಮ್ಮ ಬಂದ. ಎಲ್ಲ ಕೇಳಿ, "ಭಾವ, ನೀವ್ ಭಟ್ರಾ ಕಳ್ಳ್ರಾ?" ಎಂದ. ಬಾಯಿಗೆ ಬಂದ ಹಾಗೆ ಬೈದ. ಬೈಸಿಕೊಳ್ಳಲು ಹಿತವಾಗಿತ್ತು. ಆಮೇಲೆ ಅಕ್ಕನ ಕಾಲು ಹಿಡಿದು ಅತ್ತ. ಅವಳು ತಮ್ಮನ ತಲೆ ಸವರಿ ಕಾಫಿ ಮಾಡಿಕೊಟ್ಟಳು, ಹೊರಡಲಿಲ್ಲ. ನಾನು ಬೇಡಿದೆ, ಗದರಿದೆ, ಒಂದು ದಿನ ಊಟ ಬಿಟ್ಟೆ. ಕೊನೆಗೆ ಗೋಡೆಗೆ ತಲೆ ಚಚ್ಚಿಕೊಂಡೆ. "ಬ್ಯಾಡ ಅಂದದ್ ಅಮ್ಮ. ನನ್ ಹತ್ರ ಎಂತಕೆ ಜಗ್ಳ ಮಾಡ್ತ್ರಿ?" ಎನ್ನುವಳು.

ಅವಳಿಗೆ ತಿಳಿಯದಂತೆ ಒಂದು ದಿನ ನಾನೊಬ್ಬನೇ ಗರ್ಭಗುಡಿಯ ಬಾಗಿಲು ಹಾಕಿಕೊಂಡು ಅಪ್ಪಯ್ಯನ ಕಟ್ಟಳೆ ಮುರಿದು ಮತ್ತೆ ಕೇಳಿದೆ. ಈ ಸಲ ಮೋಸ ಮಾಡಬಾರದು ಎಂದುಕೊಂಡೆ. ಹೂ ಕೈಗೆತ್ತಿಕೊಂಡಾಗ ತಿಳಿಯಿತು, ಮೋಸ ಮಾಡದೆ ಅಂಟಿಸುವುದು ಹೇಗೆಂದು ನನ್ನ ಕೈಗೆ ಮರೆತೇಹೋಗಿತ್ತು. ಈ ಕಡೆ ಒಂದು ಹನಿ ಹೆಚ್ಚಾಯಿತೇನೋ ಎಂದು ಒರೆಸಿದೆ, ಆ ಕಡೆ ಕಡಿಮೆಯಾಯಿತೇನೋ ಎಂದು ಮತ್ತೆ ಅದ್ದಿದೆ. ಹೇಗೋ ಅಂಟಿಸಿ ನಿಂತೆ. ಒಂದೂ ಬೀಳಲಿಲ್ಲ. ನೈವೇದ್ಯದ ಅನ್ನ ಆರಿತು, ಮಧ್ಯಾಹ್ನವಾಯಿತು. ಆರು ಹೂವೂ ಅಲ್ಲೇ ಬಾಡಿದವು. "ಎಂತಾದ್ರೂ ಒಂದ್ ಹೇಳೇ!" ಎಂದು ಕೂಗಿದೆ. ಜನ್ಮದಲ್ಲಿ ನಾನು ಮಾಡಿದ ನಿಜವಾದ ಪ್ರಾರ್ಥನೆ ಅದೊಂದೇ ಇರಬೇಕು. ಅದಕ್ಕೆ ಉತ್ತರ ಬರಲಿಲ್ಲ.

ಕೆರಾಡಿಯಲ್ಲಿ ಕಾಡಿನ ಬದಿಗೆ ಒಬ್ಬ ಮುದುಕರು ಬೇರು ನಾರಿನ ಮದ್ದು ಕೊಡುತ್ತಾರೆಂದು ಅವಳೇ ಕೇಳಿ ತಿಳಿದು ಹೊರಟಳು. ಅವರಾದರೂ ಅವಳನ್ನು ಕಂಡು, "ಇದ್ ನನ್ ಕೈಯಂಗ್ ಇಪ್ದ್ ಅಲ್ಲ ಅಮ್ಮ, ಆಸ್ಪತ್ರಿಗ್ ಹೋಯ್ನಿ" ಎಂದರು. ಅವರ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ಅವಳು ಅದಕ್ಕೂ ನಕ್ಕಳು. ಸಮಯ ಮೀರಿತು. ಅವಳು ನೋವಿಗೆ ತಡೆಯಲಾರದೆ ಒಪ್ಪಿ ಆಸ್ಪತ್ರೆಗೆ ಬಂದಾಗ ಅದೇ ಡಾಕ್ಟರು ಚೀಟಿಯಲ್ಲಿ ನೋವಿನ ಮಾತ್ರೆ ಮಾತ್ರ ಬರೆದರು.

೨೦೦೮ರಲ್ಲಿ, ಹಿತ್ತಿಲ ಕಡೆಯ ಕೋಣೆಯಲ್ಲಿ ಮಲಗಿದಲ್ಲೇ ಆದಳು. ನಾನು ಗಂಜಿ ಕುಡಿಸಲು ಕೂತಿದ್ದ ಒಂದು ಬೆಳಿಗ್ಗೆ ಚಮಚವನ್ನು ತಡೆದು ಹೇಳಿದಳು.

"ಹ್ವಾಯ್, ಒಂದ್ ಮಾತ್ ಕೇಂತೆ. ಸುಳ್ಳ್ ಹೇಳ್ಬ್ಯಾಡಿ. ಅವತ್ತ್ ಬಲದ್ದ್ ಸಡ್ಲ ಇಟ್ಟದ್ದ್ ಹೌದಾ? ಅಲ್ಲ, ನನ್ನ ಆಸ್ಪತ್ರಿಗ್ ಕಳ್ಸುಕ್ ಅಂದೇಳಿ ಹಂಗ್ ಹೇಳಿದ್ದಾ?"

ಎರಡು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ಕಂಡೆ. ಸಾವಿನದಲ್ಲ. ಅವಳ ದೇವರು ಈಗ ನಿಂತಿದ್ದದ್ದು ನನ್ನ ಒಂದು ಮಾತಿನ ಮೇಲೆ. ನಾನು ಅವತ್ತು ಬಲದ ಹೂವನ್ನು ನಿಜವಾಗಿ ಸಡಿಲ ಇಟ್ಟಿದ್ದರೆ ಅಮ್ಮ ಮಾತಾಡಿದ್ದಳು, ಈ ನೋವಿಗೆ ಅರ್ಥವಿತ್ತು. ಇಟ್ಟಿರದಿದ್ದರೆ ಅವಳು ಒಂದು ಒದ್ದೆ ಹೂವಿಗಾಗಿ ಸಾಯುತ್ತಿದ್ದಳು.

ಇಟ್ಟಿದ್ದೆನೇ? ಇಟ್ಟಿದ್ದೇನೆ ಎಂದು ಎರಡು ವರ್ಷ ಎದೆ ತಟ್ಟಿ ಹೇಳಿದ್ದೆ. ಆದರೆ ಅವತ್ತು ನನ್ನ ಬೆರಳು ನಡುಗುತ್ತಿತ್ತು. ಹೆಂಡತಿಯ ಜೀವ ಕೈಯಲ್ಲಿ ಹಿಡಿದವನ ಬೆರಳು ನಡುಗದೆ ಇರುತ್ತದೆಯೇ? ಒತ್ತಿದೆ ಎಂದುಕೊಂಡ ಎಡದ ಹೂವಿನ ಮೇಲೆ ಬೆರಳಿನ ನೀರು ಇಳಿದಿತ್ತೋ ಏನೋ. ಎಷ್ಟು ನೆನೆಸಿಕೊಂಡರೂ ಕಣ್ಣೆದುರಿಗೆ ಬರುವುದು ಬಿದ್ದ ಹೂ, ಅಂಟಿಸಿದ ಕೈ ಅಲ್ಲ. ನನಗೆ ಗೊತ್ತಿರಲಿಲ್ಲ. ಸಡಿಲ ಇಟ್ಟೆ ಎಂದು ನಾನೂ ನಂಬಿದ್ದೆ, ಅಷ್ಟೆ.

"ಹೌದ್. ಸಡ್ಲವೇ ಇಟ್ಟದ್ದ್" ಎಂದೆ.

"ಆಣಿ?"

"ಅಮ್ಮನ ಆಣಿ."

"ಹಂಗಾರೆ ಸರಿ" ಎಂದು ಬಾಯಿ ತೆರೆದಳು. ನಾಲ್ಕು ಚಮಚ ಗಂಜಿ ಕುಡಿದಳು. ಅದಾಗಿ ನಾಲ್ಕನೆಯ ದಿನ ಹೋದಳು. ಮುಖದಲ್ಲಿ ಸಂಕಟ ಇರಲಿಲ್ಲ ಎಂದು ಬಂದವರೆಲ್ಲ ಹೇಳಿದರು. ಪುಣ್ಯವಂತೆ ಅಂದರು. ಅವಳ ತಮ್ಮ ಮಾತ್ರ ನನ್ನ ಮುಖ ನೋಡಲಿಲ್ಲ, ಇವತ್ತಿಗೂ ನೋಡಿಲ್ಲ.

ಹೂವಿನ ಪ್ರಸಾದ ನಿಲ್ಲಿಸಿದ್ದೇನೆ. ಕೇಳಲು ಬಂದವರಿಗೆ ಬೇರೆ ಗುಡಿ ತೋರಿಸುತ್ತೇನೆ. ಪೂಜೆ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂದರೆ ಭಕ್ತಿಯಿಂದಲ್ಲ. ಅಮ್ಮ ಇದ್ದಾಳಾದರೆ ಎಡದ ಹೂ ಬೀಳಿಸಿದವಳು ಅವಳು. ದಿನಾ ಬೆಳಿಗ್ಗೆ ಅವಳ ಎದುರು ನಿಂತು, ಯಾಕೆ ಬೀಳಿಸಿದೆ ಎಂದು ಕೇಳುವ ಹಕ್ಕಾದರೂ ನನಗಿದೆ. ಇಲ್ಲವಾದರೆ ಆ ಕಲ್ಲಿನ ಎದುರು ಇದ್ದವನು ನಾನೊಬ್ಬನೇ, ನನ್ನ ಹೆಂಡತಿಯನ್ನು ಕೊಂದವನು ನಾನು.