ಧ್ಯಾನ ಅಂತ ಬರೀಬ್ಯಾಡ, ನಿದ್ದಿ ಅಂತ ಬರಿ

ಹೋದ ವಾರ ನಮ್ಮ ಬಸ್ಸಿನ ಡ್ರೈವರ್ ಈರಪ್ಪ ತಾವು ಮಾಡದ ತಪ್ಪನ್ನು ಒಪ್ಪಿಕೊಂಡು ಸಹಿ ಹಾಕಿ ಬಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಾನು ಕುಂಬಾರವಾಡದ ಕಡೆ ಟೀಚರ್, ದಾಂಡೇಲಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು ಅನ್ನುವುದು ನಿಮಗೆ ಗೊತ್ತೇ ಇದೆ. (ಬಸ್ ತಪ್ಪಿದ ಗೋಳನ್ನು ಇಲ್ಲಿ ಎಷ್ಟು ಸಲ ತೋಡಿಕೊಂಡಿಲ್ಲ!) ಒಂದು ವರ್ಷದ ಹಿಂದೆ ನನ್ನ ಬಿಪಿ ಏರಿತು. ಡಾಕ್ಟರು ಗುಳಿಗೆಯ ಜೊತೆ ಇನ್ನೊಂದು ಕೆಲಸವನ್ನೂ ಹೇಳಿದರು.

"ದಿನಾ ಸ್ವಲ್ಪ ಹೊತ್ತು ಬೆನ್ನು ನೆಟ್ಟಗ ಮಾಡಿ ಕೂಡ್ರಿ. ಕಣ್ಣು ಮುಚ್ಚಿ, ಉಸಿರು ಒಳಗ ಹೋಗೂದು, ಹೊರಗ ಬರೂದು, ಅಷ್ಟ ನೋಡ್ರಿ. ಮನಸ್ಸು ಎಲ್ಲೆರ ಓಡಿತಂದ್ರ ಬೈಬ್ಯಾಡ್ರಿ. ಮೆತ್ತಗ ಕರಕೊಂಡು ಬರ್ರಿ."

ಅಷ್ಟೇ. ಶಿಬಿರ ಇಲ್ಲ, ಫೀ ಇಲ್ಲ, ಬಿಳಿ ಬಟ್ಟೆ ಇಲ್ಲ. ಮೊದಮೊದಲು ಕಣ್ಣು ಮುಚ್ಚಿದರೆ ಒಲೆಯ ಮೇಲಿನ ಹಾಲು, ತಿದ್ದದೆ ಉಳಿದ ಪೇಪರು, ನಾಳೆ ಬರುವ ನೆಂಟರು ಎಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದರು. ಬರಬರುತ್ತ ರೂಢಿಯಾಯಿತು. ಮಕ್ಕಳ ಮೇಲೆ ಕೂಗಾಡುವುದು ಕಡಿಮೆಯಾಯಿತು. (ಮಕ್ಕಳೇ ಹೇಳಿದ್ದು.)

ಅದನ್ನು ಈರಪ್ಪನವರಿಗೆ ಹೇಳಿದವಳೂ ನಾನೇ. ಹಳಿಯಾಳದ ಹತ್ತಿರದ ಹಳ್ಳಿಯವರು, ಈ ರೂಟಿನಲ್ಲೇ ತಲೆ ನರೆತವರು. ಒಂದು ಸಂಜೆ ತಿರುವಿನಲ್ಲಿ ಎದುರಿಗೆ ಟೂರಿಸ್ಟ್ ಕಾರೊಂದು ನಮ್ಮ ಬದಿಗೇ ನುಗ್ಗಿ ಬಂತು. ಬ್ರೇಕ್ ಬಿತ್ತು. ನಾವೆಲ್ಲ ಉಳಿದೆವು. ಕಾರಿನವನು ಹಾರ್ನ್ ಹೊಡೆದು, ಬೈದು, ಹೋದ. ಈರಪ್ಪ ಬಸ್ಸನ್ನು ಬದಿಗೆ ಹಾಕಿ ನೀರು ಕುಡಿದರು.

"ರಾತ್ರಿ ಮಲಗಿದ್ರೂ ಕಾಲು ಬ್ರೇಕ್ ತುಳೀತಾವ್ರಿ ಅಕ್ಕಾರ. ಮನ್ಯಾಕಿ ಹೆದರಿ ಎಬ್ಬಸ್ತಾಳ" ಎಂದರು.

ತಡವಾದರೆ ಪ್ಯಾಸೆಂಜರ್ ಬೈಗುಳ. ಡೀಸೆಲ್ ಹೆಚ್ಚು ಕುಡಿಸಿದರೆ ಡಿಪೋದ ಬೈಗುಳ. ಮನುಷ್ಯ ಎಷ್ಟು ತಡೆದುಕೊಂಡಾನು? ನಾನು ಡಾಕ್ಟರ ಮಾತನ್ನು ದಾಟಿಸಿದೆ. "ಎಲ್ಲಿ ಕುಂತು ಮಾಡ್ಲಿರಿ?" ಎಂದು ಕೇಳಿದರು. "ಬಸ್ ನಿಂತಾಗ, ಇಲ್ಲೇ ಮಾಡ್ರಿ" ಎಂದೆ.

ಮಾಡಿದರು. ಕುಂಬಾರವಾಡದಲ್ಲಿ ಬಸ್ ತಿರುಗಿಸಿ ನಿಲ್ಲಿಸಿದ ಮೇಲೆ ಹೊರಡಲು ಸ್ವಲ್ಪ ಸಮಯ ಇರುತ್ತದೆ. ಮುಖ ತೊಳೆದು ಬಂದು, ತಮ್ಮ ಸೀಟಿನಲ್ಲೇ ಕೈ ತೊಡೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. "ಅಣ್ಣಾರು ಕುಂತಾರ, ಈಗ ಮಾತಾಡಸಬ್ಯಾಡ್ರಿ" ಎಂದು ಕಂಡಕ್ಟರ್ ಎಲ್ಲರಿಗೂ ಹೇಳುತ್ತಿದ್ದ. ಊರಿನವರು ಯಾರೂ ತಕರಾರು ಮಾಡಲಿಲ್ಲ. ಬುಟ್ಟಿ ಹೊತ್ತ ಹೆಂಗಸರು ಕೊಂಕಣಿಯಲ್ಲಿ ಆಡುತ್ತಿದ್ದ ಮಾತಿನ ದನಿ ತಗ್ಗಿಸುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಈರಪ್ಪ ಹೇಳಿದರು: "ಕಾಲು ಸುಮ್ಮನಾಗ್ಯಾವ್ರಿ ಅಕ್ಕಾರ." ಹಾಗೆ ಹೇಳುವಾಗ ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಆ ಹುಡುಗ ಬಂದ. ಜೀಪ್ ಕೆಟ್ಟು ನಿಂತಿದ್ದರಿಂದ ನಮ್ಮ ಬಸ್ ಹತ್ತಿದ ಪ್ರವಾಸಿಗರ ಗುಂಪಿನವನು. ಕೂತವನೇ ಮೊಬೈಲ್ ಎತ್ತಿದ.

"ನೋಡಿ ಫ್ರೆಂಡ್ಸ್, ಪ್ಯಾಸೆಂಜರ್ಸ್ ಕಾಯ್ತಾ ಇದಾರೆ, ಡ್ರೈವರ್ ಸಾಹೇಬ್ರು ಆರಾಮಾಗಿ ನಿದ್ದೆ ಹೊಡೀತಿದಾರೆ!"

"ನಿದ್ದೆ ಅಲ್ಲಪ್ಪಾ, ಧ್ಯಾನ. ಬಸ್ ಬಿಡೋ ಟೈಮೂ ಇನ್ನೂ ಆಗಿಲ್ಲ" ಎಂದೆ. ಅವನು ಮೊಬೈಲನ್ನು ನನ್ನ ಮುಖಕ್ಕೇ ತಿರುಗಿಸಿದ.

ಬಸ್ ಸರಿಯಾದ ಸಮಯಕ್ಕೇ ಹೊರಟಿತು. ಅದು ವಿಡಿಯೋದಲ್ಲಿ ಇರಲಿಲ್ಲ. (ದಾಂಡೇಲಿಯವರೆಗೂ ಬಾಯಿ ತೆರೆದು ಮಲಗಿದ್ದವನು ಆ ಹುಡುಗನೇ. ಯಾರ ಭರವಸೆಯ ಮೇಲೆ?) ಮರುದಿನ ಊರೆಲ್ಲ ಅದೇ ವಿಡಿಯೋ. "ಸಸ್ಪೆಂಡ್ ಮಾಡಿ", "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ನಿದ್ದೆ", ಇನ್ನೂ ಇಲ್ಲಿ ಬರೆಯಲಾಗದ ಏನೇನೋ. ಈ ರಸ್ತೆಯಲ್ಲಿ ಒಂದು ದಿನವೂ ಓಡಾಡದವರು ತೀರ್ಪು ಕೊಟ್ಟರು.

ಡಿಪೋದಿಂದ ಕರೆ ಬಂತು. "ನೀವೂ ಬರ್ರಿ ಅಕ್ಕಾರ, ನನ್ನ ಮಾತು ಯಾರೂ ನಂಬೂದಿಲ್ಲ" ಎಂದರು ಈರಪ್ಪ. ಹೋದೆ. ಅಧಿಕಾರಿ ಚಹಾ ತರಿಸಿದರು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಯೋಗ ದಿನದ ದೊಡ್ಡ ಫೋಟೋ. ಡಿಪೋದ ಅಂಗಳದಲ್ಲಿ ಸಿಬ್ಬಂದಿಯೆಲ್ಲ ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದಾರೆ. ಎರಡನೇ ಸಾಲಿನಲ್ಲಿ ನಮ್ಮ ಈರಪ್ಪ!

"ಧ್ಯಾನ ತಪ್ಪಲ್ರಿ ಮೇಡಂ. ಮಂದಿ ಕಣ್ಣಿಗೆ ಬಿದ್ದದ್ದು ತಪ್ಪು."

"ಮತ್ತ ಅದೇನ್ರಿ?" ನಾನು ಫೋಟೋ ತೋರಿಸಿದೆ.

"ಅದು ಪ್ರೋಗ್ರಾಂ ಅಲ್ಲೇನ್ರಿ? ಮ್ಯಾಲಿಂದ ಆರ್ಡರ್ ಬಂದಿತ್ತು."

ಆಚೆ ಕೋಣೆಯಲ್ಲಿ ಗುಮಾಸ್ತರು ವಿವರಣೆ ಬರೆದುಕೊಡಲು ಬಿಳಿ ಹಾಳೆ ಕೊಟ್ಟರು. ಕೆಡುಕು ಬಯಸುವವರೇನಲ್ಲ. ದನಿ ತಗ್ಗಿಸಿ ಹೇಳಿದರು: "ಧ್ಯಾನ ಅಂತ ಬರೀಬ್ಯಾಡ ಈರಪ್ಪ. ಯಾರ ಪರವಾನಗಿ ತಗೊಂಡಿದ್ದಿ ಅಂತ ಕೇಳ್ತಾರ, ವಿಚಾರಣಿ ಬೆಳೀತೈತಿ. ನಿದ್ದಿ ಅಂತ ಬರಿ. ದಣಿದಿದ್ದೆ, ಕಣ್ಣು ಹತ್ತಿತು, ಇನ್ನೊಮ್ಮೆ ಆಗೂದಿಲ್ಲ ಅನ್ನು. ವಾರ್ನಿಂಗ್‌ನ್ಯಾಗ ಮುಗೀತೈತಿ."

ನನಗೆ ಮೈಯೆಲ್ಲ ಉರಿಯಿತು. "ಮಾಡದ ತಪ್ಪು ಬರಸ್ತೀರೇನ್ರಿ?" ಎಂದು ಜೋರಾಗಿಯೇ ಕೇಳಿದೆ. ಈರಪ್ಪ ಕೈ ಅಡ್ಡ ಹಿಡಿದರು. "ಬಿಡ್ರಿ ಅಕ್ಕಾರ. ರಿಟೈರ್ ಆಗೂ ಹೊತ್ತಿಗೆ ವಿಚಾರಣಿ ಬ್ಯಾಡ್ರಿ."

ಬರೆದರು. ನಿದ್ದೆ ಅನ್ನುವ ಪದ ಬಂದಾಗ ಪೆನ್ನು ನಿಂತಿತು. ಇಷ್ಟು ವರ್ಷದ ಸರ್ವಿಸ್‌ನಲ್ಲಿ ಡ್ಯೂಟಿಯ ಮೇಲೆ ಒಮ್ಮೆಯೂ ತೂಕಡಿಸದ ಮನುಷ್ಯ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ಆ ಪದವನ್ನೂ ಬರೆದರು.

ಹೇಳಿ, ಇದೆಂಥ ಬುದ್ಧಿ ನಮ್ಮದು? ಮುಂಡಗೋಡದ ಟಿಬೆಟನ್ ಕಾಲೊನಿಗೆ ಕಾರು ಮಾಡಿಕೊಂಡು ಹೋಗುತ್ತೇವೆ. ಕಣ್ಣು ಮುಚ್ಚಿ ಕೂತ ಭಿಕ್ಷುಗಳನ್ನು ನೋಡಿ "ಎಂಥಾ ಶಾಂತಿ!" ಎಂದು ಸ್ಟೇಟಸ್ ಹಾಕುತ್ತೇವೆ. ರಿಸಾರ್ಟಿನಲ್ಲಿ ಬೆಳಿಗ್ಗೆ ಎದ್ದು ಮ್ಯಾಟ್ ಮೇಲೆ ಕೂತರೆ ಅದು ವೆಲ್‌ನೆಸ್. ಬಸ್ಸು ತುಂಬ ಜನರ ಜೀವ ಕೈಯಲ್ಲಿ ಹಿಡಿದವನು ತನ್ನ ಬಿಡುವಿನಲ್ಲಿ ನಾಲ್ಕು ಉಸಿರು ಎಣಿಸಿದರೆ ಅದು ಕರ್ತವ್ಯಲೋಪ! ಸಮಾಧಾನದ ಮನಸ್ಸು ಅವನಿಗಿಂತ ಹೆಚ್ಚು ಯಾರಿಗೆ ಬೇಕು? ಆ ಕಾರಿನವನಿಗೋ, ನನಗೋ?

ನಿನ್ನೆ ಅದೇ ಬಸ್ ಹತ್ತಿದೆ. ಬಿಡುವಿನಲ್ಲಿ ಈರಪ್ಪ ಸೀಟಿನಲ್ಲೇ ಇದ್ದರು. ಮೊಬೈಲಿನಲ್ಲಿ ರೀಲ್ಸ್ ಓಡುತ್ತಿತ್ತು, ಹಿಂದಿನ ಸೀಟಿನವರೆಗೂ ಕೇಳುವಷ್ಟು ಜೋರಾಗಿ.

"ಇದೇನ್ರಿ ಈರಪ್ಪಣ್ಣ?"

"ಇದಕ್ಕ ಯಾರೂ ಏನೂ ಅನ್ನೂದಿಲ್ರಿ ಅಕ್ಕಾರ" ಎಂದರು, ತಲೆ ಎತ್ತದೆ.

ನಿಜ. ಈವರೆಗೆ ಒಬ್ಬರೂ ವಿಡಿಯೋ ಮಾಡಿಲ್ಲ.