ಕಸ್ತೂರಿ ಅಕ್ಕೋರ ಕ್ಯಾಸೆಟ್ಟಿನ ಮಂದಿ

ಶನಿವಾರ ಬೆಳಿಗ್ಗೆ ಮೂಡಲಗಿಯ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಮೈದಾನದಲ್ಲಿ ನಾವು ಸಾಲಾಗಿ ನಿಂತು ಕೈ ಮೇಲೆತ್ತಿದರೆ ಸಾವಿರಾರು ಜನ ಹುಚ್ಚೆದ್ದು ಕೂಗುತ್ತಿದ್ದರು. ಕೈ ಇಳಿಸಿದರೆ ಸಿಳ್ಳೆ ಹಾಕುತ್ತಿದ್ದರು. ರಸ್ತೆಯಲ್ಲಿ ಹೋಗುವ ಹೊಸಬರು ಒಳಗೆ ಏನೋ ದೊಡ್ಡ ಸಭೆ ನಡೆದಿದೆಯೆಂದು ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದರು. ಅವರಿಗೆ ಕಾಣುತ್ತಿದ್ದುದು ನೀಲಿ ಲಂಗದ ನಾವು, ಮತ್ತು ಕುರ್ಚಿಯ ಮೇಲಿಟ್ಟ ಒಂದು ಟೇಪ್ ರೆಕಾರ್ಡರ್. ಅದರ ಪಕ್ಕದಲ್ಲಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ ನಿಂತ ಕಸ್ತೂರಿ ಅಕ್ಕೋರು.

ಅಕ್ಕೋರು ನಮ್ಮ ಪಿಟಿ ಟೀಚರ್. ಕೌಜಲಗಿಯ ಒಕ್ಕಲುತನದ ಮನೆಯವರು. ಬೆಳಗಾವಿಯಲ್ಲಿ ತರಬೇತಿಗೆ ಇದ್ದಾಗ ಹಾಸ್ಟೆಲಿನ ಗೆಳತಿಯೊಬ್ಬಳು, ಗೋವಾದವಳು, ಬಿಟ್ಟುಹೋಗುವಾಗ ನೆನಪಿಗೆಂದು ಒಂದು ಕ್ಯಾಸೆಟ್ ಕೊಟ್ಟಿದ್ದಳಂತೆ. ವಿಲಾಯತಿಯ ಹಳೆಯ ರಾಕ್ ಬ್ಯಾಂಡೊಂದು ದೊಡ್ಡ ಮೈದಾನದಲ್ಲಿ ಜನರ ಮುಂದೆ ಹಾಡುತ್ತಿದ್ದಾಗಲೇ ಹಿಡಿದಿಟ್ಟ ಹಾಡುಗಳು ಅವು. ಬೇರೆ ಸಾಲೆಗಳ ಹುಡುಗಿಯರು ‘ಏಕ್, ದೋ, ತೀನ್, ಚಾರ್’ ಎಂದು ಕವಾಯತು ಮಾಡುತ್ತಿದ್ದ ಕಾಲದಲ್ಲಿ ನಾವು ಎಲೆಕ್ಟ್ರಿಕ್ ಗಿಟಾರಿನ ಅಬ್ಬರಕ್ಕೆ ಸೊಂಟ ತಿರುಗಿಸುತ್ತಿದ್ದೆವು.

ಹಾಡಿನ ಇಂಗ್ಲಿಷ್ ಅಕ್ಕೋರಿಗೂ ತಿಳಿಯುತ್ತಿರಲಿಲ್ಲ, ನಮಗೂ ಇಲ್ಲ. ಎರಡು ಹಾಡುಗಳ ನಡುವೆ ಹಾಡುಗಾರ ಜನರೊಡನೆ ಏನೋ ಮಾತಾಡುತ್ತಿದ್ದ, ಜನ ಗೊಳ್ಳೆಂದು ನಗುತ್ತಿದ್ದರು.

“ಏನಂದ್ನರಿ ಅಕ್ಕೋರ?” ಎಂದು ನಾವು ಕೇಳುವುದು.

“ಊಟ ಆತೇನ್ರಿ ಎಲ್ಲಾರ್ದೂ, ಅಂತ ಕೇಳಾಕತ್ತಾನ” ಎಂದು ಅಕ್ಕೋರು ಮುಖ ಗಂಭೀರ ಮಾಡಿಕೊಂಡು ಹೇಳುವುದು. ಮುಂದಿನ ವಾರ ಅದೇ ಮಾತಿಗೆ, “ಹಿಂದಿನ ಸಾಲಿನ ಹುಡುಗ್ಯಾರು ಮೈಗಳ್ಳತನಾ ಮಾಡಬ್ಯಾಡ್ರಿ ಅಂದ ನೋಡ” ಎಂದು ಅರ್ಥ ಬದಲಾಗುತ್ತಿತ್ತು.

ನಮ್ಮ ಹೆಡ್‌ಮಾಸ್ತರರು ಸಾಧು ಮನುಷ್ಯ. ಹಾಡು ಬೇಡವೆನ್ನಲಿಲ್ಲ, ಕೂಗಾಟ ಮಾತ್ರ ಅವರಿಗೆ ಸೇರುತ್ತಿರಲಿಲ್ಲ. “ಅಕ್ಕೋರ, ಆ ಗದ್ದಲಾ ಇಲ್ಲದ್ದು ಸಿಗೂದಿಲ್ಲೇನ್ರಿ?” ಎಂದು ಒಮ್ಮೆ ಕೇಳಿಯೇಬಿಟ್ಟರು. ಅಕ್ಕೋರು ಎದುರಾಡಲಿಲ್ಲ. ಯಾರಿಗೋ ಹೇಳಿ ಕಳಿಸಿ ಅದೇ ಹಾಡುಗಳ ಸ್ಟುಡಿಯೋ ಕ್ಯಾಸೆಟ್ ತರಿಸಿದರು. ಆ ಶನಿವಾರ ಹಾಡು ತೊಳೆದಿಟ್ಟ ತಾಟಿನಂತೆ ಸ್ವಚ್ಛವಾಗಿ ಬಂತು. ನಮ್ಮ ಕೈಕಾಲು ಮಾತ್ರ ಏಳಲೊಲ್ಲವು. ವರಾಂಡದಲ್ಲಿ ನಿಂತಿದ್ದ ಹೆಡ್‌ಮಾಸ್ತರರೇ ಗಾಬರಿಯಾಗಿ ಕೇಳಿದರು: “ಯಾಕ್ರಿ, ಹುಡುಗ್ಯಾರಿಗೆ ಇವತ್ತ ಆರಾಮಿಲ್ಲೇನ್ರಿ?”

“ಹುಡುಗ್ಯಾರು ಆರಾಮ ಅದಾರ್ರಿ ಸರ್. ಮಂದಿ ಬಂದಿಲ್ರಿ” ಎಂದರು ಅಕ್ಕೋರು.

ಹೆಡ್‌ಮಾಸ್ತರರು ನಕ್ಕು ಒಳಗೆ ಹೋದರು. ಹಳೆಯ ಕ್ಯಾಸೆಟ್ ಮರಳಿ ಬಂತು. ಅಂದು ಅಕ್ಕೋರು ನಮಗೆ ಹೇಳಿದ್ದು: “ಸ್ಟುಡಿಯೋದ್ದರಾಗ ಒಂದೂ ತಪ್ಪಿಲ್ಲ, ಖರೆ. ಆದ್ರ ಅಲ್ಲಿ ಯಾರೂ ಯಾರ ಮಾರೀನೂ ನೋಡಾಕತ್ತಿಲ್ಲ. ಇದ್ರಾಗ ಕೇಳ್ರಿ, ಮಂದಿ ಒದರಿದ ಕೂಡ್ಲೆ ಬಾರ್ಸಾಂವಗ ಹುರುಪ ಬರತೈತಿ. ಅಂವ ಜೋರ ಬಾರ್ಸಿದ ಕೂಡ್ಲೆ ಮಂದಿ ಮತ್ತ ಒದರ್ತಾರ. ಹಿಂಗ ಒಬ್ರನ್ನ ಒಬ್ರು ಏರಸ್ತಾರ.”

ಹಾಗೆ ಏರಿದವಳು ನನ್ನ ಗೆಳತಿ ಶಬಾನಾ. ನಾನು ನಾಗನೂರಿನಿಂದ ಬಸ್ಸಿಗೆ ಬರುತ್ತಿದ್ದೆ; ಅವಳ ಮನೆ ಮೂಡಲಗಿಯಲ್ಲೇ. ವರ್ಗದಲ್ಲೆಲ್ಲ ಎತ್ತರದವಳು. ಅದರದೇ ನಾಚಿಕೆಯಿಂದ ಬೆನ್ನು ಬಗ್ಗಿಸಿ ನಡೆಯುತ್ತಿದ್ದಳು, ಕವಾಯತಿನಲ್ಲಿ ಹಿಂದಿನ ಸಾಲಿಗೆ ಹೋಗಿ ಅಡಗುತ್ತಿದ್ದಳು. ಒಂದು ದಿನ ಅಕ್ಕೋರು ಅವಳ ಕೈಹಿಡಿದು ಎಲ್ಲರ ಮುಂದೆ ತಂದು ನಿಲ್ಲಿಸಿದರು. “ಅಷ್ಟ ದೂರದಿಂದ ಮಂದಿ ನಿನ್ನ ನೋಡಾಕ ಬಂದಾರವಾ. ನೀ ಬಗ್ಗಿ ನಿಂತ್ರ ಅವ್ರಿಗೇನ ಕಾಣಬೇಕು?” ಶಬಾನಾ ಅಳು ಬಂದವಳಂತೆ ನಿಂತಿದ್ದಳು. ಗಿಟಾರು ಶುರುವಾಯಿತು. ಅವಳು ಕೈ ಎತ್ತಿದಳು. ಕ್ಯಾಸೆಟ್ಟಿನ ಜನ ಭೋರೆಂದು ಕೂಗಿದರು. ಅವಳ ಬೆನ್ನು ನೆಟ್ಟಗಾದದ್ದನ್ನು ನಾನು ಹಿಂದಿನಿಂದ ಕಣ್ಣಾರೆ ಕಂಡೆ.

ಆ ವರ್ಷ ಗೋಕಾಕದಲ್ಲಿ ತಾಲೂಕು ಮಟ್ಟದ ಕವಾಯತು ಸ್ಪರ್ಧೆ. ನಮ್ಮ ಸಾಲೆಗೆ ಒಮ್ಮೆಯೂ ಕಪ್ ಬಂದಿರಲಿಲ್ಲ. ಹೊತ್ತು ಮೀರುವಂತಿಲ್ಲ ಎಂಬ ನಿಯಮ ಬಿಗಿಯಾಗಿತ್ತು. ನಮ್ಮ ಹಾಡಿನ ಕೊನೆಗೆ ಉಳಿದವರೆಲ್ಲ ಸುಮ್ಮನಾಗಿ ಡ್ರಮ್ ಬಾರಿಸುವವನೊಬ್ಬನೇ ಬಹಳ ಹೊತ್ತು ಬಾರಿಸುತ್ತಾನೆ. ಅದು ಶುರುವಾಗುವಲ್ಲಿಗೆ ಟೇಪ್ ನಿಲ್ಲಿಸುವುದು, ನಾವು ಸಲಾಮು ಹೊಡೆದು ಹೊರಬರುವುದು ಎಂದು ಅಕ್ಕೋರು ತಾಲೀಮು ಮಾಡಿಸಿದ್ದರು.

ಆದರೆ ಅಂದು ಆಗಿದ್ದೇ ಬೇರೆ. ನಾವು ಮೈದಾನಕ್ಕಿಳಿದ ಸ್ವಲ್ಪ ಹೊತ್ತಿಗೆಲ್ಲ ಗೋಕಾಕದ ಜನ ಕ್ಯಾಸೆಟ್ಟಿನ ಜನರ ಜೊತೆ ಚಪ್ಪಾಳೆ ಹಾಕತೊಡಗಿದರು. ಯಾವುದು ವಿಲಾಯತಿಯ ಚಪ್ಪಾಳೆ, ಯಾವುದು ಗೋಕಾಕದ್ದು ತಿಳಿಯದಾಯಿತು. ಡ್ರಮ್ ಶುರುವಾಯಿತು. ಹೊತ್ತು ಮುಗಿಯಿತೆಂದು ನಿರ್ಣಾಯಕರು ಸೀಟಿ ಊದಿದರು. ಅಕ್ಕೋರ ಬೆರಳು ಟೇಪಿನ ಗುಂಡಿಯ ಮೇಲಿತ್ತು. ಶಬಾನಾ ಕೈ ಇಳಿಸಲಿಲ್ಲ. ಅವಳು ಅಕ್ಕೋರನ್ನು ನೋಡಿದಳು, ಅಕ್ಕೋರು ಅವಳನ್ನು ನೋಡಿದರು, ಬೆರಳು ತೆಗೆದರು.

ಮುಂದೆ ಶಬಾನಾ ಹೇಗೆ ಕುಣಿದಳೋ ಹಾಗೆ ನಾವೂ ಕುಣಿದೆವು. ನಿಂತಲ್ಲೇ ಓಡಿದೆವು, ಜಿಗಿದೆವು, ತಿರುಗಿದೆವು. ಯಾರೂ ಕಲಿಸಿದ್ದಲ್ಲ. ಬೇರೆ ಸಾಲೆಯ ಹುಡುಗಿಯರೂ ಗೆರೆಯಾಚೆ ಕುಣಿಯುತ್ತಿದ್ದರು. ಡ್ರಮ್ ನಿಂತಾಗ ಎದ್ದ ಕೂಗಿಗೆ ನನ್ನ ಮೈ ಝುಂ ಎಂದಿತು.

ಹೊತ್ತು ಮೀರಿದ್ದಕ್ಕೆ ನಮ್ಮ ತಂಡವನ್ನು ಸ್ಪರ್ಧೆಯಿಂದ ಕೈಬಿಟ್ಟರು. ಬಸ್ಸಿನಲ್ಲಿ ಕೆಲವರು ಅತ್ತೆವು. ಅಕ್ಕೋರು ಎಲ್ಲರ ಕೈಗೂ ಕರದಂಟಿನ ತುಂಡು ಕೊಡುತ್ತ, “ಕಪ್ ಅವ್ರು ಒಯ್ಲಿ ಬಿಡ್ರಿ. ಮಂದಿ ನಮ್ಮ ಕಡೆ ಆದ್ರಲ್ಲ!” ಎಂದರು. ತಪ್ಪು ಮಾಡಿದೆನೆಂಬ ಭಾವ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಶಬಾನಾ ಈಗ ಗೋಕಾಕದಲ್ಲಿ ಟ್ರಾಫಿಕ್ ಪೊಲೀಸ್. ಅವಳು ಕೈ ಎತ್ತಿದರೆ ಕಬ್ಬಿನ ಟ್ರ್ಯಾಕ್ಟರೂ ತೆಪ್ಪಗೆ ನಿಲ್ಲುತ್ತದೆ.

ನಿವೃತ್ತರಾದ ಮೇಲೆ ಅಕ್ಕೋರು ಹುಕ್ಕೇರಿಯಲ್ಲಿ ತಂಗಿಯ ಜೊತೆ ಇದ್ದರು. ಹೋದ ವರ್ಷ ಮೊಣಕಾಲಿನ ಆಪರೇಷನ್ ಆಗಿದೆಯೆಂದು ಕೇಳಿ ನೋಡಲು ಹೋದೆ. ಮೊಬೈಲಿನಲ್ಲಿ ಅದೇ ಬ್ಯಾಂಡಿನ ಹೊಸ ಸಂಗೀತ ಕಚೇರಿ ಹಚ್ಚಿಕೊಂಡು, ಕುರ್ಚಿಯಲ್ಲಿ ಕುಳಿತು ಕಾಲು ಮೇಲೆ ಕೆಳಗೆ ಮಾಡುತ್ತಿದ್ದರು.

“ಹಾಡಾಂವ ಮುದುಕ ಆಗ್ಯಾನ ನೋಡ. ದನಿ ಏರೂದಿಲ್ಲ ಅವಂದು. ಏರೂ ಜಾಗಾದಾಗ ಮೈಕ್ ಮಂದಿ ಕಡೆ ಹಿಡೀತಾನ, ಅವ್ರು ಹಾಡ್ತಾರ. ಭಾಳ ಶಾಣ್ಯಾ ಅದಾನ!” ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ನೀ ಏನ ನೋಡ್ಕೋತ ಕುಂತಿ? ಏಳ, ಕೈ ಮ್ಯಾಲ!” ಎಂದರು. ಇಬ್ಬರು ಮಕ್ಕಳ ತಾಯಿಯಾದ ನಾನು ಎದ್ದು ಕೈ ಎತ್ತಿದೆ.

ಮೊಬೈಲಿನಲ್ಲಿ ಹಾಡುಗಾರ ಎಲ್ಲರಿಗೂ ಕೈಮುಗಿದು ಒಳಗೆ ಹೋದ. ನಾನೂ ಬ್ಯಾಗು ತೆಗೆದುಕೊಂಡೆ, ಬಸ್ಸಿನ ಹೊತ್ತಾಗಿತ್ತು.

“ಕುಂದರ” ಎಂದರು ಅಕ್ಕೋರು. “ಮುಗದಿಲ್ಲ ಇನ್ನೂ. ಹೋದಂಗ ಮಾಡ್ತಾರ, ಮಂದಿ ಬಿಡೂದಿಲ್ಲ. ಹೊಳ್ಳಿ ಬಂದು ಒಂದ ಹಾಡ್ತಾರ. ಛಲೋದ್ದನ್ನ ಅದಕ್ಕಂತ ಇಟ್ಟಿರ್ತಾರ.”

ಕುಳಿತೆ. ಬ್ಯಾಂಡಿನವರು ಹೊಳ್ಳಿ ಬಂದರು, ಹಾಡಿದರು. ನಾವಿಬ್ಬರೂ ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಜೊತೆಗೆ ಹಾಡಿದೆವು. ಅಕ್ಕೋರ ತಂಗಿ ಅಡುಗೆಮನೆಯಿಂದ ಬಂದು ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಬಸ್ಸು ಹೋಗಿಬಿಟ್ಟಿತು.

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅಕ್ಕೋರು ನಿದ್ದೆಯಲ್ಲೇ ಹೋದರೆಂದು ಸುದ್ದಿ ಬಂತು. ಈಗಲೂ ನನಗೆ ನೆನಪಾಗುವುದು ಹುಕ್ಕೇರಿಯ ಆ ಸಂಜೆ. ಅಂದು ಬಸ್ಸು ತಪ್ಪಿಸಿಕೊಂಡಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ. ಆದರೂ ಆ ಬಸ್ಸು ನನಗೆ ಸಿಗದಿದ್ದುದೇ ಒಳ್ಳೆಯದಾಯಿತು.